ಅಪ್ಪನ ಹಳೇ ಡಿಟಿಪಿ ಕಂಪ್ಯೂಟರ್ (ಪೆಂಟಿಯಂ 3, ವಿಂಡೋಸ್ 98): ಫ್ಯಾನ್ ತಿರುಗುತ್ತೆ, ಡಿಸ್ಪ್ಲೇ ಬರಲ್ಲ. ಒಳಗಿರೋ ನುಡಿ ಫೈಲ್‌ಗಳು ಬೇಕು

ಅಟ್ಟದ_ಪಿಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಯ್ತು, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪ ಶಿವಮೊಗ್ಗ ಕಡೆ ಸಣ್ಣದೊಂದು ಡಿಟಿಪಿ ಅಂಗಡಿ ನಡೆಸ್ತಿದ್ರು, 2001ರಿಂದ 2009ರ ತನಕ. ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಬಿಲ್ ಬುಕ್ಕು, ಸೊಸೈಟಿ ವಾರ್ಷಿಕ ವರದಿ, ಎಲ್ಲಾ ಒಂದೇ ಕಂಪ್ಯೂಟರಲ್ಲಿ. ಅಂಗಡಿ ಮುಚ್ಚಿದ್ಮೇಲೆ ಅದನ್ನ ಗೋಣಿಚೀಲ ಹೊದೆಸಿ ಅಟ್ಟಕ್ಕೆ ಹಾಕಿದ್ರು, ಅವತ್ತಿಂದ ಯಾರೂ ಮುಟ್ಟಿಲ್ಲ. ಈಗ ಯಾಕೆ ಅಂದ್ರೆ, ನಮ್ಮಜ್ಜಿ ಹೇಳ್ತಿದ್ದ ಸೋಬಾನೆ ಪದಗಳನ್ನ ಅಪ್ಪ ಅಂಗಡಿ ಕೆಲಸ ಮುಗಿಸಿ ರಾತ್ರಿ ಕೂತು ಟೈಪ್ ಮಾಡಿಟ್ಟಿದ್ರು, ಪೇಜ್‌ಮೇಕರಲ್ಲಿ (ಪುಟ ಜೋಡಿಸೋ ಸಾಫ್ಟ್‌ವೇರ್), ನುಡಿ ಅನ್ನೋ ಕನ್ನಡ ಫಾಂಟಲ್ಲಿ, ಸುಮಾರು 140 ಪುಟ. ಪುಸ್ತಕ ಮಾಡ್ಬೇಕು ಅಂತಿದ್ರು, ಆಗ್ಲಿಲ್ಲ. ಅಜ್ಜಿ ಈಗ ಇಲ್ಲ, ಆ ಪದಗಳು ಪೂರ್ತಿ ಬರೋರು ನಮ್ಮ ಮನೇಲಿ ಯಾರೂ ಇಲ್ಲ, ಪ್ರಿಂಟ್ ತೆಗೆದಿದ್ದ ಕಾಪಿ ಗೆದ್ದಲು ತಿಂದಿದೆ.

ಮಷಿನ್: ಪೆಂಟಿಯಂ 3, 128 ಎಂಬಿ ರ‍್ಯಾಮ್ ಎರಡು, 20 ಜಿಬಿ ಐಡಿಇ ಹಾರ್ಡ್ ಡಿಸ್ಕ್, ವಿಂಡೋಸ್ 98 ಸೆಕೆಂಡ್ ಎಡಿಷನ್. ಮೊನ್ನೆ ಧೂಳು ಹೊಡೆದು ಆನ್ ಮಾಡಿದೆ. ಎರಡೂ ಫ್ಯಾನ್ ತಿರುಗುತ್ತೆ, ಡಿಸ್ಕ್ ಕುಯ್ ಅಂತ ಸುತ್ತೋದು ಕೇಳುತ್ತೆ, ಆದ್ರೆ ಮಾನಿಟರ್ ಕಪ್ಪು, ಬೀಪ್ ಕೂಡ ಇಲ್ಲ. ನಾಲ್ಕೈದು ಸಲ ಆನ್ ಆಫ್ ಮಾಡಿ ನೋಡಿದೆ, ಅಷ್ಟೇ. ಇಲ್ಲಿ ಒಬ್ಬ ಸರ್ವೀಸ್‌ನವರಿಗೆ ತೋರಿಸಿದೆ, ಗುಜರಿಗೆ ಹಾಕಿ ಅಂದ್ರು. ನಂಗೆ ಫೈಲೂ ಬೇಕು, ಆದ್ರೆ ಮಷಿನ್ನೂ ಓಡ್ಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡ್ಲಿ?

ಹುಬ್ಬಳ್ಳಿ_ಬೆಸುಗೆ

ಮೊದ್ಲ ಒಂದು ಮಾತು, ಇನ್ನ ಆ ಸ್ವಿಚ್ಚಿಗೆ ಕೈ ಹಚ್ಚಬ್ಯಾಡ್ರಿ. ಹದಿನೈದು ವರ್ಷ ಸುಮ್ನ ಕುಂತ ಕರೆಂಟ್ ಡಬ್ಬಿ, ಅಂದ್ರ ಎಸ್‌ಎಂಪಿಎಸ್ ಯಾವಾಗ ಏನು ಮಾಡ್ತೈತಿ ಹೇಳಾಕ ಬರಂಗಿಲ್ಲ, 5 ವೋಲ್ಟ್ ಲೈನ್ ಏರಿದ್ರ ಬೋರ್ಡಿನ ಜೋಡಿ ಡಿಸ್ಕಿನ ಸರ್ಕ್ಯೂಟೂ ಸುಟ್ಟು ಹೋಗ್ತೈತಿ. ಬೋರ್ಡ್ ಇನ್ನೊಂದು ಸಿಗ್ತೈತ್ರಿ, ಅಜ್ಜಿ ಪದ ಸಿಗಂಗಿಲ್ಲ. ಹಂಗಾಗಿ ಡಿಸ್ಕ್ ಮೊದ್ಲು, ಮಷಿನ್ ಆಮ್ಯಾಲ.

ಡಿಸ್ಕ್ ಹೊರಗ ತಗೀರಿ. ಯುಎಸ್‌ಬಿ ಟು ಐಡಿಇ ಕೇಬಲ್ ಸಿಗ್ತಾವು, ಆದ್ರ ಜೋಡಿ 12 ವೋಲ್ಟ್ ಅಡಾಪ್ಟರ್ ಕೊಡೂದ ತಗೋರಿ, ಈ ದೊಡ್ಡ ಡಿಸ್ಕು ಬರೇ ಯುಎಸ್‌ಬಿ ಕರೆಂಟಿಗೆ ತಿರುಗಂಗಿಲ್ಲ. ಡಿಸ್ಕಿನ ಹಿಂದಿನ ಜಂಪರ್ (ಪಿನ್ನಿನ ಮ್ಯಾಲ ಕೂಡೂ ಸಣ್ಣ ಕ್ಲಿಪ್ಪು) ಮಾಸ್ಟರ್‌ಗೆ ಇಡ್ರಿ. ನಿಮ್ಮ ಲ್ಯಾಪ್‌ಟಾಪಿನ ವಿಂಡೋಸ್‌ಗೆ ಸೀದಾ ಹಚ್ಚಬ್ಯಾಡ್ರಿ, ಅದು ಕೇಳದ ಮಾಡದ ಡಿಸ್ಕಿನ ಮ್ಯಾಲ ಏನರ ಬರೀತೈತಿ. ಲಿನಕ್ಸ್ ಲೈವ್ ಪೆನ್‌ಡ್ರೈವಿಂದ ಬೂಟ್ ಮಾಡಿ, ಮೌಂಟ್ ಮಾಡದನ, ಡಿಡಿರೆಸ್ಕ್ಯೂ ಅನ್ನೂ ಪ್ರೋಗ್ರಾಂ ಹಚ್ಚಿ ಪೂರ್ತಿ ಡಿಸ್ಕಿನ ಇಮೇಜ್, ಅಂದ್ರ ಇದ್ದಂಗ ನಕಲು, ತಗೀರಿ. ಮ್ಯಾಪ್ ಫೈಲ್ ಕೊಡೂದು ಮರೀಬ್ಯಾಡ್ರಿ, ಅದಿದ್ರ ನಡುವ ನಿಂತ್ರೂ ಅಲ್ಲಿಂದನ ಮುಂದುವರಸ್ತೈತಿ. ಮೊದಲನೇ ಸುತ್ತಿನ್ಯಾಗ ಕೆಟ್ಟ ಜಾಗಕ್ಕ ಜಗ್ಗಾಡದ ಚಲೋ ಇದ್ದದ್ದೆಲ್ಲಾ ಎಳಕೋಬೇಕು, ಎರಡನೇ ಸುತ್ತಿನ್ಯಾಗ ಉಳಿದದ್ದು. ಟಕ್ ಟಕ್ ಅಂತ ತಲಿ ಬಡಿಯೂ ಸದ್ದು ಬಂದ್ರ ತಕ್ಷಣ ನಿಲ್ಲಸ್ರಿ, ಅದು ಮನ್ಯಾಗ ಮಾಡೂ ಕೆಲಸ ಅಲ್ಲ.

ಇನ್ನ ಮಷಿನ್. ಕ್ಯಾಬಿನೆಟ್ ಸ್ಪೀಕರ್ ವೈರ್ ಬೋರ್ಡಿಗೆ ಹಚ್ಚೇತೇನು ನೋಡ್ರಿ, ಭಾಳ ಮಂದಿ ಇದನ್ನ ನೋಡಂಗಿಲ್ಲ, ಸ್ಪೀಕರ್ ಇಲ್ಲದ ಬೀಪ್ ಎಲ್ಲಿಂದ ಬರಬೇಕು. ಆಮ್ಯಾಲ ಎಸ್‌ಎಂಪಿಎಸ್ ಬೋರ್ಡಿಂದ ಬಿಡಿಸಿ, ಹಳೇ ಸಿಡಿ ಡ್ರೈವ್ ಒಂದು ಲೋಡಿಗೆ ಹಚ್ಚಿ, ಹಸಿರು ವೈರು ಕರಿ ವೈರು ಕೂಡಿಸಿದ್ರ ಚಾಲೂ ಆಗ್ತೈತಿ. ಮಲ್ಟಿಮೀಟರ್‌ನ್ಯಾಗ ಕೆಂಪು ವೈರು 4.75ರಿಂದ 5.25, ಹಳದಿ 11.4ರಿಂದ 12.6 ಒಳಗ ಇರಬೇಕು. ಹೊರಗ ಹೋದ್ರ ಅದನ್ನ ಬೋರ್ಡಿಗೆ ಹಚ್ಚಬ್ಯಾಡ್ರಿ. ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಾಕ ಹೋಗಬ್ಯಾಡ್ರಿ, ಪ್ಲಗ್ ತಗದ ಮ್ಯಾಲೂ ಒಳಗಿನ ದೊಡ್ಡ ಕೆಪಾಸಿಟರ್‌ನ್ಯಾಗ 300 ವೋಲ್ಟ್ ಮ್ಯಾಲ ಉಳದಿರಬಹುದು.

ವೋಲ್ಟೇಜ್ ಚಲೋ ಇದ್ರ, ಎರಡೂ ರ‍್ಯಾಮ್ ತಗದು ಬೋರ್ಡ್ ಆನ್ ಮಾಡ್ರಿ. ಉದ್ದಕ ಬೀಪ್ ಬೀಪ್ ಅಂತ ಒದರಿದ್ರ ಸಂತೋಷ ಪಡ್ರಿ, ಬೋರ್ಡು ಪ್ರೊಸೆಸರು ಎರಡೂ ಜೀವಂತ ಅದಾವು ಅಂತ ಅರ್ಥ.

ಎಸ್ಪಿರೋಡ್_ಸುತ್ತು

ಮೇಲಿನವ್ರು ಹೇಳಿದ್ದು ಸರಿ ಇದೆ, ನಂದು ಎರಡು ಮಾತು ಸೇರಿಸ್ತೀನಿ.

ಪ್ರೊಸೆಸರ್ ಸುತ್ತ ನಿಂತಿರೋ ಕೆಪಾಸಿಟರ್‌ಗಳ ತಲೆ ಟಾರ್ಚ್ ಹಾಕಿ ನೋಡಿ. ಚಪ್ಪಟೆ ಇರ್ಬೇಕು. ಉಬ್ಬಿದ್ರೆ, ಅಥ್ವಾ ಕಂದು ಬಣ್ಣದ ಅಂಟು ಹೊರಗೆ ಬಂದಿದ್ರೆ ಅದು ಹೋಗಿದೆ. 1999ರಿಂದ 2007ರ ತನಕ ಬಂದ ಬಹಳಷ್ಟು ಬೋರ್ಡುಗಳಲ್ಲಿ ಒಳಗಿನ ಎಲೆಕ್ಟ್ರೋಲೈಟೇ ಕೆಟ್ಟದಿತ್ತು, ನಿಮ್ದು ಸರಿಯಾಗಿ ಆ ಕಾಲದ್ದು. ಬದಲಾಯಿಸೋದಾದ್ರೆ ಲೋ ಇಎಸ್‌ಆರ್, (ಒಳಗಿನ ತಡೆ ಕಮ್ಮಿ ಇರೋದು), 105 ಡಿಗ್ರಿದು ಅಂತ ಕೇಳಿ ತಗೊಳ್ಳಿ, ಮೈಕ್ರೋಫ್ಯಾರಡ್ ಅಷ್ಟೇ ಇರ್ಲಿ, ವೋಲ್ಟೇಜ್ ಅಷ್ಟೇ ಅಥ್ವಾ ಒಂದು ಮೆಟ್ಟಿಲು ಜಾಸ್ತಿ. ಬೆಂಗಳೂರಿಗೆ ಬಂದಾಗ ಎಸ್.ಪಿ. ರೋಡಲ್ಲಿ ಒಂದು ಬೆಳಗ್ಗೆ ಕಳೆದ್ರೆ ಸಿಗುತ್ತೆ, ಆದ್ರೆ ಹಳೇದನ್ನ ಕೈಲಿ ಹಿಡ್ಕೊಂಡೇ ಹೋಗಿ, ಎತ್ತರ ಅಗಲ ಹೊಂದ್ಬೇಕು.

ಎರಡನೇದು, ಎಸ್‌ಎಂಪಿಎಸ್ ಹೋಗಿದ್ರೆ ಹೊಸದು ಯಾವುದೋ ಒಂದು ತಂದು ಹಾಕ್ಬೇಡಿ. 24 ಪಿನ್ನಲ್ಲಿ ನಾಲ್ಕು ಪಿನ್ ಬೇರೆ ಆಗೋ ಥರದ್ದಾದ್ರೆ ನಿಮ್ಮ 20 ಪಿನ್ ಬೋರ್ಡಿಗೆ ಕೂರುತ್ತೆ ನಿಜ, ಆದ್ರೆ ಪೆಂಟಿಯಂ 3 ಕಾಲದ ಬೋರ್ಡು ಪ್ರೊಸೆಸರಿಗೂ 5 ವೋಲ್ಟಿಂದಾನೇ ಕರೆಂಟ್ ಎಳೆಯುತ್ತೆ, ಈಗಿನ ಎಸ್‌ಎಂಪಿಎಸ್‌ಗಳು ಎಲ್ಲಾ ಬಲ 12 ವೋಲ್ಟಲ್ಲಿ ಇಟ್ಟಿರ್ತಾವೆ. ಒಟ್ಟು ವಾಟ್ ನೋಡಿ ಏನೂ ಗೊತ್ತಾಗಲ್ಲ, ಲೇಬಲ್‌ನಲ್ಲಿ 5 ವೋಲ್ಟ್ ಎದುರಿಗೆ ಎಷ್ಟು ಆಂಪ್ ಬರೆದಿದೆ ನೋಡಿ, 20 ಅಥ್ವಾ ಮೇಲಿದ್ರೆ ನೆಮ್ಮದಿ.

ಇನ್ನೊಂದು, ರ‍್ಯಾಮ್ ಕಾಲಿಗೆ ಪೆನ್ಸಿಲ್ ರಬ್ಬರ್ ಉಜ್ಜೋದು ನಮ್ಮಲ್ಲಿ ಎಲ್ಲಾ ಅಂಗಡೀಲೂ ಮಾಡ್ತಾರೆ. ನಾನು ಬೇಡ ಅಂತೀನಿ. ಚಿನ್ನದ ಲೇಪ ಸವೆಯುತ್ತೆ, ರಬ್ಬರ್ ಪುಡಿ ಸ್ಲಾಟಲ್ಲಿ ಸೇರ್ಕೊಳ್ಳುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸಿ, ಒಣಗಿದ್ಮೇಲೆ ನಾಲ್ಕೈದು ಸಲ ಹಾಕಿ ತೆಗೆದು ಮಾಡಿ, ಅಷ್ಟಕ್ಕೇ ಎಷ್ಟೋ ಬೋರ್ಡ್ ಎದ್ದಿವೆ. ನಾಣ್ಯದ ಥರ ಇರೋ ಸಿಆರ್2032 ಸೆಲ್ಲನ್ನೂ ಹೊಸದು ಹಾಕಿಬಿಡಿ.

ಅಟ್ಟದ_ಪಿಸಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ವಿಚ್ ಮುಟ್ಟಿಲ್ಲ, ಡಿಸ್ಕ್ ತೆಗೆದು ಹೇಳಿದ ಹಾಗೇ ಇಮೇಜ್ ಮಾಡಿದೆ. ಸದ್ದು ಸರಿಯಾಗೇ ಇತ್ತು, ಮೊದಲನೇ ಸುತ್ತಲ್ಲಿ ಬಹುತೇಕ ಎಲ್ಲಾ ಬಂತು, ಎರಡನೇ ಸುತ್ತಾದ್ಮೇಲೆ 36 ಕೆಬಿ ಮಾತ್ರ ಓದಕ್ಕಾಗಿಲ್ಲ. ಇಮೇಜನ್ನ ಎರಡು ಕಡೆ ಕಾಪಿ ಇಟ್ಟೆ. ಒಳಗೆ "ಅವ್ವ" ಅಂತ ಒಂದು ಫೋಲ್ಡರ್ ಇದೆ, ಏಳು ಪೇಜ್‌ಮೇಕರ್ ಫೈಲು. ಅಪ್ಪಂಗೆ ತೋರಿಸಿದೆ, ತುಂಬಾ ಹೊತ್ತು ಮಾತಾಡ್ಲಿಲ್ಲ.

ಆದ್ರೆ ಒಂದು ತೊಂದ್ರೆ. ಅದರ ಜೊತೆ ಒಂದು ಟೆಕ್ಸ್ಟ್ ಫೈಲ್ ಇತ್ತು, ಅದನ್ನ ತೆಗೆದ್ರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರದ ತಲೆ ಮೇಲೆ ಗೀಟು ಚುಕ್ಕೆ ಟೋಪಿ ಇಟ್ಟ ಹಾಗೆ ಏನೇನೋ ಬರ್ತಿದೆ. ಆ 36 ಕೆಬಿ ಹೋಗಿದ್ದಕ್ಕೆ ಹೀಗಾಯ್ತಾ? ಫೈಲ್ ಹಾಳಾಗಿದ್ಯಾ?

ಬೋರ್ಡ್ ವಿಷಯ: ಸ್ಪೀಕರ್ ವೈರ್ ಕಿತ್ತು ಬಂದಿತ್ತು, ಹಾಕಿದೆ. ಎಸ್‌ಎಂಪಿಎಸ್ 5.08 ಮತ್ತು 11.9 ತೋರಿಸ್ತು. ರ‍್ಯಾಮ್ ತೆಗೆದು ಆನ್ ಮಾಡಿದ್ರೆ ಒಂದೇ ಸಮ ಬೀಪ್!! ಇನ್ನೊಂದು, ಹಿಂದೆ ಪ್ರಿಂಟರ್ ಪೋರ್ಟಿಗೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಡಬ್ಬಿ ಒಂದು ಸ್ಕ್ರೂ ಹಾಕಿ ಕೂರಿಸಿದೆ, ಅದೇನು, ತೆಗೆದು ಬಿಡ್ಲಾ?

ದಾವಣಗೆರೆ_ಡಿಟಿಪಿ

ತಮ್ಮಾ, ಆ ಡಬ್ಬಿ ಬಿಸಾಕ್ಬೇಡ! ಅದು ಲಾಕ್. ಆಗಿನ ಕನ್ನಡ ಡಿಟಿಪಿ ಸಾಫ್ಟ್‌ವೇರ್‌ಗಳಲ್ಲಿ ಕೆಲವಕ್ಕೆ ಪ್ಯಾರಲಲ್ ಪೋರ್ಟಿಗೆ ಹಾಕೋ ಈ ಲಾಕ್ ಕೊಡ್ತಿದ್ರು, ಅದಿಲ್ದೆ ಸಾಫ್ಟ್‌ವೇರ್ ತೆರೆಯೋದೇ ಇಲ್ಲ. ಈಗಿನ ಯುಎಸ್‌ಬಿ ಟು ಪ್ರಿಂಟರ್ ಕೇಬಲ್‌ಗಳಿಗೆ ಹಾಕಿದ್ರೆ ಅದು ನಡೆಯಲ್ಲ, ನಿಜವಾದ ಪೋರ್ಟೇ ಬೇಕು, ಆ ಪೋರ್ಟ್ ಇರೋದು ನಿಮ್ಮ ಆ ಹಳೇ ಮಷಿನ್ನಲ್ಲಿ. ಹಂಗಾಗಿ ಮಷಿನ್ ಓಡ್ಲೇಬೇಕು ಅಂತ ನೀನು ಅಂದಿದ್ದು ಬರೀ ಆಸೆ ಅಲ್ಲ, ಕೆಲಸಕ್ಕೂ ಬೇಕು. ನುಡಿಗೆ ಲಾಕ್ ಇರ್ಲಿಲ್ಲ, ಅಪ್ಪ ನುಡಿ ಬರೋಕ್ ಮುಂಚೆ ಬೇರೆ ಯಾವುದೋ ಬಳಸ್ತಿದ್ರೇನೋ ಕೇಳಿ ನೋಡು.

ಫೈಲ್ ಹಾಳಾಗಿಲ್ಲ, ಹೆದರ್ಕೋಬೇಡ. ನಾನು 12 ವರ್ಷ ಇದೇ ಕೆಲಸ ಮಾಡಿದೀನಿ. ಆಗಿನ ನುಡಿ, ಬರಹ ಫಾಂಟುಗಳು ಯೂನಿಕೋಡ್ (ಈಗ ಎಲ್ಲಾ ಕಡೆ ಬಳಸೋ ಅಕ್ಷರ ಸಂಕೇತ) ಅಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯೊಳಗೆ ಕನ್ನಡದ ತುಂಡುಗಳನ್ನ ಕೂರಿಸಿದ್ರು, ತಲೆಕಟ್ಟು ಒಂದು ಕಡೆ, ದೀರ್ಘ ಒಂದು ಕಡೆ, ಒತ್ತು ಒಂದು ಕಡೆ. ಫೈಲಲ್ಲಿ ಇರೋದು ಬರೀ ಆ ಮನೆ ನಂಬರು, ಫಾಂಟ್ ಹಾಕಿದ್ರೆ ಕನ್ನಡ, ಇಲ್ದಿದ್ರೆ ನೀನು ನೋಡಿದ ಗೀಟು ಚುಕ್ಕೆ. ಆ ಡಿಸ್ಕಿನ ವಿಂಡೋಸ್ ಫೋಲ್ಡರ್ ಒಳಗೆ ಫಾಂಟ್ಸ್ ಅಂತ ಇರುತ್ತೆ, ಅದನ್ನ ಪೂರ್ತಿ ಎತ್ತಿಟ್ಕೋ, ಒಂದೂ ಬಿಡ್ಬೇಡ.

ನುಡಿಯಿಂದ ಯೂನಿಕೋಡಿಗೆ ಬದಲಾಯಿಸೋ ಕನ್ವರ್ಟರ್‌ಗಳು ಇದಾವೆ, ಆದ್ರೆ ಪೇಜ್‌ಮೇಕರ್ ಫೈಲನ್ನ ಸೀದಾ ಕೊಡಕ್ಕಾಗಲ್ಲ, ಒಳಗಿನ ಟೆಕ್ಸ್ಟ್ ಕಾಪಿ ಮಾಡಿ ಕೊಡ್ಬೇಕು. ಕೊಟ್ಮೇಲೆ ಅರ್ಕಾವತ್ತು ಒಂದೊಂದೇ ನೋಡು. ಹಳೇ ಫಾಂಟಲ್ಲಿ ಅರ್ಕಾವತ್ತು ಅಕ್ಷರ ಆದ್ಮೇಲೆ ಬರುತ್ತೆ, ಕಣ್ಣಿಗೆ ಕಾಣೋ ಹಾಗೆ. ಯೂನಿಕೋಡಲ್ಲಿ ರ ಮೊದಲು ಬರುತ್ತೆ, ನಾವು ಹೇಳೋ ಹಾಗೆ. "ಸೂರ್ಯ", "ಕಾರ್ತಿಕ" ಇಂಥ ಕಡೆ ಕೆಲವು ಕನ್ವರ್ಟರ್ ಎಡವುತ್ತೆ. ಸೋಬಾನೆ ಪದ ಬೇರೆ, ಆಡುಮಾತಿನ ಕಾಗುಣಿತ ಇರುತ್ತೆ, ಅಜ್ಜಿ ಹೇಳಿದ್ದನ್ನ ಅಪ್ಪ ಹೆಂಗೆ ಬರೆದಿದಾರೋ ಹಂಗೇ ಇರ್ಬೇಕು, ಸ್ಪೆಲ್‌ಚೆಕ್ ಹಾಕಿ ತಿದ್ದಬೇಡ.

ಅದಕ್ಕೇ ನಾನು ಹೇಳೋದು, ಮೊದಲು ಆ ಮಷಿನ್ನಲ್ಲೇ ಪೇಜ್‌ಮೇಕರ್ ತೆರೆದು, ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರ್ ಡ್ರೈವರ್ ಹಾಕಿ, ಫಾಂಟ್ ಸೇರಿಸಿ ಪ್ರಿಂಟ್ ಟು ಫೈಲ್ ಕೊಡು. ಆ ಫೈಲನ್ನ ಈಚೆ ತಂದು ಘೋಸ್ಟ್‌ಸ್ಕ್ರಿಪ್ಟಲ್ಲಿ ಪಿಡಿಎಫ್ ಮಾಡು. ಅಪ್ಪ ಕೂರಿಸಿದ ಪುಟ ಹೆಂಗಿತ್ತೋ ಹಂಗೇ ಬರುತ್ತೆ. ಆ ಪಿಡಿಎಫ್ ಪಕ್ಕದಲ್ಲಿ ಇಟ್ಕೊಂಡು ಯೂನಿಕೋಡ್ ಟೆಕ್ಸ್ಟ್ ತಾಳೆ ನೋಡ್ತಾ ಹೋಗು.

ಅಲ್ಟ್ರಾ5_ಮನೆ

ನನ್ನ ಹತ್ರ ಮನೇಲಿ ಸನ್ ಕಂಪನಿಯ ಒಂದು ಹಳೇ ಕಂಪ್ಯೂಟರ್, ಅಲ್ಟ್ರಾ 5, ಇದೆ, ಸ್ಪಾರ್ಕ್ ಪ್ರೊಸೆಸರಿಂದು, ಈಗ್ಲೂ ಓಡ್ತಿದೆ. ಅದ್ರಲ್ಲಿ ಗಡಿಯಾರದ ಚಿಪ್ ಒಳಗೇ ಬ್ಯಾಟರಿ ಮುಚ್ಚಿಟ್ಟಿದಾರೆ, ಅದು ಸತ್ತ ದಿನ ಮಷಿನ್ನಿಗೆ ತನ್ನ ನೆಟ್‌ವರ್ಕ್ ಅಡ್ರೆಸ್ಸೇ ಮರೆತು ಹೋಯ್ತು. ಚಿಪ್ಪಿನ ತಲೆ ಕೆರೆದು ಹೊರಗಿಂದ ಸಿಆರ್2032 ಬೆಸುಗೆ ಹಾಕಿ ಎಬ್ಬಿಸಿದೆ. ಆ ಲೆಕ್ಕದಲ್ಲಿ ನಿಮ್ಮದು ಕೈಲಿ ಕಿತ್ತು ಹಾಕೋ ಸೆಲ್ಲು, ಸುಲಭ.

ನಾನು ಹೇಳಕ್ಕೆ ಬಂದಿದ್ದು: ಹಳೇ ಡಿಸ್ಕನ್ನ ಮತ್ತೆ ಒಳಗೆ ಹಾಕ್ಬೇಡಿ, ಅದಕ್ಕೆ ವಿಶ್ರಾಂತಿ ಕೊಡಿ. 32 ಜಿಬಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು, ಅದಕ್ಕೊಂದು ಐಡಿಇ ಅಡಾಪ್ಟರ್ ತಗೊಂಡು ಇಮೇಜನ್ನ ಅದ್ರ ಮೇಲೆ ಬರೆದು ಹಾಕಿ. ಅದಕ್ಕಿಂತ ದೊಡ್ಡ ಕಾರ್ಡ್ ಬೇಡ, ಆ ಕಾಲದ ಕೆಲವು ಬಯಾಸ್ (ಆನ್ ಮಾಡಿದ ಕೂಡ್ಲೇ ಓಡೋ ಬೋರ್ಡಿನ ಪ್ರೋಗ್ರಾಂ) 32 ಜಿಬಿ ದಾಟಿದ್ರೆ ಅಲ್ಲೇ ನಿಂತುಬಿಡ್ತಾವೆ. ರ‍್ಯಾಮೂ 512 ಎಂಬಿ ಮೀರಿಸ್ಬೇಡಿ, ವಿಂಡೋಸ್ 98 ತಡ್ಕೊಳ್ಳಲ್ಲ. ಫೈಲ್ ಈಚೆ ತರಕ್ಕೆ ಪೆನ್‌ಡ್ರೈವ್ ಹಾಕಿದ್ರೆ ಡ್ರೈವರ್ ಕೇಳುತ್ತೆ, ಅದ್ರ ಬದ್ಲು ಲ್ಯಾನ್ ಕಾರ್ಡ್ ಹಾಕಿ ಮನೆಯೊಳಗೇ ಎಫ್‌ಟಿಪಿ ಮಾಡ್ಕೊಳ್ಳಿ. ಇಂಟರ್ನೆಟ್ಟಿಗೆ ಮಾತ್ರ ಬಿಡ್ಬೇಡಿ.

ಅಟ್ಟದ_ಪಿಸಿ

ಬಂತು!!! ಎರಡು ರ‍್ಯಾಮಲ್ಲಿ ಒಂದು ಹೋಗಿತ್ತು. ಒಳ್ಳೇದೊಂದನ್ನೇ ಒರೆಸಿ ಪಕ್ಕದ ಸ್ಲಾಟಿಗೆ ಹಾಕಿದ ತಕ್ಷಣ ಒಂದೇ ಒಂದು ಬೀಪ್, ಮೆಮೊರಿ ಎಣಿಸಕ್ಕೆ ಶುರು ಮಾಡ್ತು. ಸೆಲ್ ಹೊಸದು ಹಾಕಿ ತಾರೀಖು ತಿದ್ದಿ, ಕಾರ್ಡ್ ಹಾಕಿ ಬೂಟ್ ಮಾಡಿದೆ, ವಿಂಡೋಸ್ 98 ನೀಲಿ ಮೋಡ ಬಂದಾಗ ಅಮ್ಮ ಅಡುಗೆಮನೆಯಿಂದ ಓಡಿ ಬಂದ್ರು. ಎರಡು ಕೆಪಾಸಿಟರ್ ತಲೆ ಸ್ವಲ್ಪ ಉಬ್ಬಿದೆ, ಮುಂದಿನ ತಿಂಗಳು ಬೆಂಗಳೂರಿಗೆ ಹೋದಾಗ ತರ್ತೀನಿ, ಅಲ್ಲಿ ತನಕ ದಿನಕ್ಕೆ ಅರ್ಧ ಗಂಟೆ ಮಾತ್ರ ಆನ್ ಮಾಡ್ತಿದೀನಿ.

ದಾವಣಗೆರೆ ಅಕ್ಕ, ನೀವು ಹೇಳಿದ್ದು ಸರಿ, 2001-02ರ ಕೆಲಸ ಎಲ್ಲಾ ಅಪ್ಪ ಲಾಕ್ ಇರೋ ಸಾಫ್ಟ್‌ವೇರಲ್ಲೇ ಮಾಡಿದ್ದಂತೆ, ಲಾಕ್ ಇದ್ದಲ್ಲೇ ಇದೆ, ಸಾಫ್ಟ್‌ವೇರ್ ತೆರೀತಿದೆ. ಸೋಬಾನೆ ಏಳು ಫೈಲಲ್ಲಿ ಆರು ಪೂರ್ತಿ ಪಿಡಿಎಫ್ ಆಯ್ತು. ಅಪ್ಪ ನಿನ್ನೆ ಆ ಕೀಬೋರ್ಡ್ ಮುಂದೆ ಕೂತು, ಕೈಗೆ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ (ನುಡಿಯಲ್ಲಿ ಕನ್ನಡ ಟೈಪ್ ಮಾಡೋ ಕ್ರಮ) ಇನ್ನೂ ಹಾಗೇ ಇದೆ, ಅರ್ಧಕ್ಕೆ ನಿಂತಿದ್ದ ಹಸೆ ಪದದ ಕೊನೇ ಎರಡು ಸಾಲು ನೆನಪಿಸ್ಕೊಂಡು ಟೈಪ್ ಮಾಡಿದ್ರು.

ಏಳನೇ ಫೈಲಲ್ಲಿ ಮೂರು ಪುಟ ಮಾತ್ರ ಆ ಮಷಿನ್ನಲ್ಲೂ ಗೀಟು ಚುಕ್ಕೆ ಆಗೇ ಕಾಣ್ತಿದೆ, ಉಳಿದ ಪುಟ ಚೆನ್ನಾಗಿದೆ. ಫಾಂಟ್ ಬೇರೆ ಇರ್ಬೇಕು ಅನ್ಸುತ್ತೆ. ಸ್ಕ್ರೀನಿನ ಫೋಟೋ ಹಾಕ್ತೀನಿ ಅಕ್ಕ, ಯಾವ ಫಾಂಟ್ ಅಂತ ನೋಡಿ ಹೇಳ್ತೀರಾ?