ಬಟನ್ ಸೆಲ್ ಮೂರು ವಾರಕ್ಕೇ ಖಾಲಿ: ಗಡಿಯಾರದ ಚಿಪ್ ಬದಲಿಸಬೇಕೇ?

ಪ್ರಶ್ನೆ: ಅಡಿಕೆ ತೋಟದಲ್ಲಿ ಮಳೆಯ ಪ್ರಮಾಣವನ್ನು ದಾಖಲಿಸುವ ಸಾಧನವೊಂದನ್ನು ನಾನೇ ತಯಾರಿಸಿದ್ದೇನೆ. ಮುಖ್ಯ ಬ್ಯಾಟರಿಯನ್ನು ತೆಗೆದಾಗಲೂ ಸಮಯ ತಪ್ಪದಿರಲೆಂದು ಪಿಸಿಎಫ್8563 ಎಂಬ ಗಡಿಯಾರದ ಚಿಪ್‌ಗೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಮೂಲಕ, ಸಿಆರ್2032 ಬಟನ್ ಸೆಲ್ ಜೋಡಿಸಿದ್ದೇನೆ. ಈ ಚಿಪ್‌ಗೆ 0.25 ಮೈಕ್ರೋಆಂಪಿಯರ್ ಸಾಕೆಂದು ಡೇಟಾಶೀಟ್ ಹೇಳುತ್ತದೆ. ಆದರೂ ಕಪಾಟಿನಲ್ಲಿ ಸುಮ್ಮನೆ ಇಟ್ಟ ಸಾಧನದ ಸೆಲ್ ಮೂರು ವಾರಕ್ಕೇ ಖಾಲಿಯಾಗುತ್ತಿದೆ. 45 ನ್ಯಾನೋಆಂಪಿಯರ್ ಮಾತ್ರ ಬಳಸುವ ಆರ್‌ವಿ-3028 ಗಡಿಯಾರದ ಚಿಪ್ ಹಾಕಿದರೆ ಸರಿಹೋದೀತೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಚಿಪ್ ಬದಲಿಸುವ ಮೊದಲು ಲೆಕ್ಕ ಹಾಕಿ ನೋಡಿ. ಸೆಲ್‌ನ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಗಂಟೆ. ನಿಮ್ಮ ಚಿಪ್ ಒಂದೇ ಅದನ್ನು ಬಳಸುವುದಾದರೆ ನೂರು ವರ್ಷ ಬೇಕು, ಅಷ್ಟರೊಳಗೆ ಸೆಲ್ ತಾನಾಗಿಯೇ ಹಳಸಿ ಹೋಗಿರುತ್ತದೆ. ಆದ್ದರಿಂದ ಸೋರಿಕೆ ಬೇರೆಲ್ಲೋ ಇದೆ. ನನಗೂ ಹೀಗೆಯೇ ಆಗಿತ್ತು: ಚಿಪ್ ಮತ್ತು ಸಾಧನವನ್ನು ನಡೆಸುವ ಮೈಕ್ರೋಕಂಟ್ರೋಲರ್ ನಡುವೆ ಮಾಹಿತಿ ಸಾಗಿಸುವ ಐಟುಸಿ ತಂತಿಗಳನ್ನು ಮೇಲಿನ ವೋಲ್ಟೇಜ್‌ನಲ್ಲಿ ಹಿಡಿದಿಡುವ 10 ಕಿಲೋಓಮ್ ಪುಲ್‌ಅಪ್ ರೆಸಿಸ್ಟರ್‌ಗಳೆರಡನ್ನೂ ಡಯೋಡ್‌ನ ಈಚೆಗೆ, ಅಂದರೆ ಸೆಲ್‌ನಿಂದ ನಡೆಯುವ ಭಾಗಕ್ಕೆ ಜೋಡಿಸಿಬಿಟ್ಟಿದ್ದೆ. ಮುಖ್ಯ ವಿದ್ಯುತ್ ಇಲ್ಲದಾಗ ಸೆಲ್‌ನ ಕರೆಂಟ್ ಆ ರೆಸಿಸ್ಟರ್‌ಗಳ ಮೂಲಕ ಮೈಕ್ರೋಕಂಟ್ರೋಲರ್‌ನ ಪಿನ್‌ಗಳಲ್ಲಿರುವ ರಕ್ಷಣಾ ಡಯೋಡ್‌ಗಳಿಗೆ ಹರಿಯುತ್ತಿತ್ತು. ಎರಡೂ ಸೇರಿ ಸುಮಾರು 0.4 ಮಿಲಿಆಂಪಿಯರ್ ಎಂದರೆ 550 ಗಂಟೆ, ಹೆಚ್ಚುಕಡಿಮೆ 23 ದಿನ. ನಿಮ್ಮ ಮೂರು ವಾರದ ಮಾತು ಓದಿದ ಕೂಡಲೇ ನನಗೆ ಇದೇ ನೆನಪಾಯಿತು. ಪುಲ್‌ಅಪ್‌ಗಳನ್ನು ಮೈಕ್ರೋಕಂಟ್ರೋಲರ್‌ನ ವಿದ್ಯುತ್ ಕಡೆಗೆ ಸರಿಸಿದ ಮೇಲೆ ತೊಂದರೆ ನಿಂತಿತು. ಜೊತೆಗೆ, ಈ ಚಿಪ್‌ನಲ್ಲಿ ಗಡಿಯಾರದ ಮಿಡಿತವನ್ನು ಹೊರಗೆ ಕೊಡುವ ಕ್ಲಾಕ್‌ಔಟ್ ಪಿನ್ ವಿದ್ಯುತ್ ಬಂದೊಡನೆ ತಾನಾಗಿ ಚಾಲೂ ಆಗುತ್ತದೆ, 0.25ರ ಅಂಕಿ ಅದನ್ನು ನಿಲ್ಲಿಸಿದಾಗಿನದು.

ಉತ್ತರ 2: ಮೇಲಿನವರ ಮಾತು ಸರಿಯೆನಿಸುತ್ತದೆ, ಆದರೆ ಅಳೆಯದೆ ತೀರ್ಮಾನಿಸಬೇಡಿ. ಸೆಲ್‌ನ ಜೊತೆ ಸರಣಿಯಲ್ಲಿ 10 ಕಿಲೋಓಮ್ ರೆಸಿಸ್ಟರ್ ಸೇರಿಸಿ ಅದರ ಎರಡು ತುದಿಗಳ ನಡುವೆ ಮಲ್ಟಿಮೀಟರ್ ಇಟ್ಟರೆ, ಪ್ರತಿ 10 ಮಿಲಿವೋಲ್ಟ್‌ಗೆ ಒಂದು ಮೈಕ್ರೋಆಂಪಿಯರ್ ಎಂದು ಓದಿಕೊಳ್ಳಬಹುದು. ಒಂದು ವೋಲ್ಟ್‌ಗಿಂತ ಹೆಚ್ಚು ಕಂಡರೆ ಪುಲ್‌ಅಪ್‌ನಂಥ ದೊಡ್ಡ ದಾರಿಯೊಂದು ತೆರೆದಿದೆ ಎಂದೇ ತಿಳಿಯಿರಿ. ನಾನು ಕರಾವಳಿಯವನಾದ್ದರಿಂದ ಇನ್ನೊಂದು ಮಾತು ಸೇರಿಸುತ್ತೇನೆ: ಬೆಸುಗೆಯ ನಂತರ ಉಳಿದ ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಅಂಟು ಪದಾರ್ಥ) ಮಳೆಗಾಲದ ತೇವ ಹೀರಿ 10 ಮೆಗಾಓಮ್‌ನ ದಾರಿಯಾದರೂ ಸಾಕು, 0.3 ಮೈಕ್ರೋಆಂಪಿಯರ್ ಸೋರುತ್ತದೆ, ಅಂದರೆ ಚಿಪ್ ಬಳಸುವುದಕ್ಕಿಂತ ಹೆಚ್ಚು. ಗಡಿಯಾರಕ್ಕೆ ಮಿಡಿತ ಕೊಡುವ ಕ್ರಿಸ್ಟಲ್‌ನ ಕಾಲುಗಳ ನಡುವೆ ಅದು ಉಳಿದರೆ ಗಡಿಯಾರವೇ ನಿಂತುಹೋಗುವುದೂ ಉಂಟು. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಮೇಲೆ ರಕ್ಷಣಾ ಲೇಪ ಹಚ್ಚಿ. ಆರ್‌ವಿ-3028ರಲ್ಲಿ ಕ್ರಿಸ್ಟಲ್ ಒಳಗೇ ಮುಚ್ಚಿರುವುದರಿಂದ ತೋಟದ ಕೆಲಸಕ್ಕೆ ನಾನು ಅದನ್ನು ಮೆಚ್ಚುತ್ತೇನೆ, ಆದರೆ ಕಾರಣ ನ್ಯಾನೋಆಂಪಿಯರ್‌ಗಳಲ್ಲ.

ಉತ್ತರ 3: ಡಿಎಸ್3231 ಎಂಬ ಗಡಿಯಾರದ ಚಿಪ್ ಇರುವ ಸಿದ್ಧ ಮಾಡ್ಯೂಲ್ ಕೊಳ್ಳುವ ಯೋಚನೆ ಬಂದರೆ ಒಂದು ಎಚ್ಚರಿಕೆ. ಅಗ್ಗದ ಕೆಲವು ಮಾಡ್ಯೂಲ್‌ಗಳಲ್ಲಿ ಸೆಲ್‌ಗೆ ಚಾರ್ಜ್ ಮಾಡುವ ರೆಸಿಸ್ಟರ್ ಮತ್ತು ಡಯೋಡ್ ಇರುತ್ತವೆ. ಸಿಆರ್2032 ಚಾರ್ಜ್ ಮಾಡುವ ಸೆಲ್ ಅಲ್ಲ, ಆದ್ದರಿಂದ ಆ ರೆಸಿಸ್ಟರನ್ನು ಕಿತ್ತುಹಾಕಬೇಕು.