ಖಿನ್ನತೆಗೆ ಆನ್‌ಲೈನ್ ಚಿಕಿತ್ಸೆ: ಜೊತೆಗೆ ತಜ್ಞರು ಇರಲೇಬೇಕೆ?

ಪ್ರಶ್ನೆ: ನಮಸ್ಕಾರ ಮೇಡಂ. ಕೆಲವು ತಿಂಗಳುಗಳಿಂದ ನನಗೆ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆಯೂ ಸರಿಯಾಗಿ ಬರುತ್ತಿಲ್ಲ. ಎಂಟು ಪಾಠಗಳ ಆನ್‌ಲೈನ್ ಸಿಬಿಟಿ (ಆಲೋಚನೆ ಮತ್ತು ನಡವಳಿಕೆಯನ್ನು ಬದಲಿಸಿಕೊಳ್ಳಲು ಕಲಿಸುವ ಮನೋಚಿಕಿತ್ಸೆ) ಕಾರ್ಯಕ್ರಮವೊಂದನ್ನು ನಾನೇ ಆರಂಭಿಸಿದೆ. ಎರಡು ಪಾಠ ಮುಗಿದವು. ಮೂರನೆಯದು ಮೂರು ವಾರಗಳಿಂದ ಹಾಗೆಯೇ ನಿಂತಿದೆ. ಇದೇ ಕಾರ್ಯಕ್ರಮ ತಜ್ಞರ ಮಾರ್ಗದರ್ಶನದೊಂದಿಗೂ ಸಿಗುತ್ತದೆ. ಪಾಠಗಳು ಅವೇ ಆಗಿರುವಾಗ ತಜ್ಞರಿಂದ ಆಗುವ ವ್ಯತ್ಯಾಸವೇನು? ನಡುವೆ ನಿಲ್ಲಿಸಿದ್ದು ನನ್ನ ಸೋಮಾರಿತನವಲ್ಲವೇ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ನಮಸ್ಕಾರ. ಮೊದಲು ಕೊನೆಯ ಮಾತಿಗೆ ಉತ್ತರಿಸುತ್ತೇನೆ: ಅದು ಸೋಮಾರಿತನವಲ್ಲ. ತಾವಾಗಿಯೇ ಕಲಿಯಲು ಬೇಕಾದ ಉತ್ಸಾಹ, ಏಕಾಗ್ರತೆ, ನಾಳೆ ಒಳ್ಳೆಯದಾದೀತೆಂಬ ನಂಬಿಕೆ, ಇವನ್ನೇ ಖಿನ್ನತೆ ಮೊದಲು ಕಸಿದುಕೊಳ್ಳುತ್ತದೆ. ಮಾರ್ಗದರ್ಶನವಿಲ್ಲದ ಕಾರ್ಯಕ್ರಮಗಳನ್ನು ಅರ್ಧಕ್ಕೆ ಬಿಡುವವರು ಬಹಳ ಮಂದಿ.

ಈ ವಿಷಯದಲ್ಲಿ 39 ಪ್ರಯೋಗಗಳಲ್ಲಿದ್ದ 9,700ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2021ರಲ್ಲಿ ಪ್ರಕಟವಾಯಿತು. ಒಟ್ಟಾರೆಯಾಗಿ ಮಾರ್ಗದರ್ಶನವಿದ್ದ ಚಿಕಿತ್ಸೆಯೇ ಹೆಚ್ಚು ಫಲಕಾರಿಯಾಗಿತ್ತು. ಆದರೆ ಪಿಎಚ್‌ಕ್ಯೂ-9 ಎಂಬ, ಖಿನ್ನತೆಯ ತೀವ್ರತೆಯನ್ನು ಅಳೆಯುವ ಪ್ರಶ್ನಾವಳಿಯಲ್ಲಿ 5ರಿಂದ 9 ಅಂಕ ಬಂದವರಲ್ಲಿ, ಅಂದರೆ ಲಕ್ಷಣಗಳು ಸೌಮ್ಯವಾಗಿದ್ದವರಲ್ಲಿ, ಎರಡರ ನಡುವೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಖಿನ್ನತೆ ಅದಕ್ಕಿಂತ ತೀವ್ರವಾಗಿದ್ದವರಿಗೆ ಮಾರ್ಗದರ್ಶನದ ಪ್ರಯೋಜನ ಸ್ಪಷ್ಟವಾಗಿತ್ತು. ಆದ್ದರಿಂದ ಎಲ್ಲರಿಗೂ ತಜ್ಞರು ಬೇಕೇಬೇಕೆಂದು ನಾನು ಹೇಳುವುದಿಲ್ಲ.

ಮಾರ್ಗದರ್ಶಕರು ಮಾಡುವ ಕೆಲಸಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಆಲೋಚನೆಗಳನ್ನು ಬರೆದಿಡುವ ಪಟ್ಟಿಯಲ್ಲಿ ಒಬ್ಬರು ‘ನನ್ನಿಂದ ಯಾರಿಗೂ ಉಪಯೋಗವಿಲ್ಲ’ ಎಂದು ಬರೆದು, ಅದಕ್ಕೆ ವಿರುದ್ಧವಾದ ಸಾಕ್ಷ್ಯದ ಅಂಕಣದಲ್ಲಿ ‘ಇಲ್ಲ’ ಎಂಬ ಒಂದೇ ಪದ ತುಂಬಿದ್ದಾರೆಂದು ಇಟ್ಟುಕೊಳ್ಳಿ. ಅಂಕಣ ಖಾಲಿ ಇಲ್ಲದ ಕಾರಣ ಕಾರ್ಯಕ್ರಮ ಅವರನ್ನು ಮುಂದಿನ ಪುಟಕ್ಕೆ ಕಳುಹಿಸುತ್ತದೆ. ಓದುವ ಮನುಷ್ಯರೊಬ್ಬರಿದ್ದರೆ, ಅದೇ ವಾರದ ದಿನಚರಿಯಲ್ಲಿ ‘ಬುಧವಾರ ರಾತ್ರಿ ಜ್ವರ ಬಂದ ಗೆಳೆಯನ ಜೊತೆಗಿದ್ದೆ’ ಎಂಬ ಸಾಲನ್ನು ಗಮನಿಸಿ, ‘ಇದನ್ನು ಯಾವ ಅಂಕಣದಲ್ಲಿ ಬರೆಯುತ್ತೀರಿ?’ ಎಂದು ಕೇಳುತ್ತಾರೆ. ಚಿಕಿತ್ಸೆ ನಿಜವಾಗಿ ಆರಂಭವಾಗುವುದು ಆ ಪ್ರಶ್ನೆಯಿಂದ. ಇದಕ್ಕೆ ಗಂಟೆಗಟ್ಟಲೆ ಸಮಯವೂ ಬೇಡ. ಇಂಥ ಅನೇಕ ಕಾರ್ಯಕ್ರಮಗಳಲ್ಲಿ ಒಬ್ಬೊಬ್ಬರಿಗೆ ವಾರಕ್ಕೆ ಹತ್ತು ಹದಿನೈದು ನಿಮಿಷ ಮೀಸಲಿಡುತ್ತಾರೆ.

ಪ್ರಶ್ನೆ: ಹಾಗಾದರೆ ‘ಪಾಠ ಮುಂದುವರಿಸಿ’ ಎಂಬ ಸಂದೇಶ ತಾನಾಗಿಯೇ ಬರುವಂತೆ ಮಾಡಿದರೆ ಸಾಲದೇ ಮೇಡಂ?

ಉತ್ತರ: ನೆನಪಿಸಲು ಅದು ನೆರವಾದೀತು. ಆದರೆ ನಮ್ಮ ಬರಹಕ್ಕಾಗಿ ಒಬ್ಬರು ಕಾಯುತ್ತಿದ್ದಾರೆ, ಅವರು ನಮ್ಮ ಹಿತ ಬಯಸುವವರು ಎಂಬ ಅರಿವು ಬೇರೆಯೇ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೋರ್ ಮತ್ತು ಸಂಗಡಿಗರು 2011ರಲ್ಲಿ ಈ ಒತ್ತಾಸೆ ಬೆರೆತ ಹೊಣೆಗಾರಿಕೆಯನ್ನೇ ಮಾರ್ಗದರ್ಶನದ ತಿರುಳೆಂದು ವಿವರಿಸಿದರು. ಮೂರನೆಯ ಪಾಠ ಭಾರವೆನಿಸಿದರೆ ಅದನ್ನು ಅರ್ಧ ಮಾಡಿ ಕೊಡುವುದೂ ಮಾರ್ಗದರ್ಶಕರ ಕೆಲಸವೇ.

ಪ್ರಶ್ನೆ: ಸೇರುವ ಮುನ್ನ ಏನನ್ನು ವಿಚಾರಿಸಬೇಕು?

ಉತ್ತರ: ಉತ್ತರಿಸುವವರು ಯಾರು, ಅವರ ತರಬೇತಿ ಏನು, ಎಷ್ಟು ದಿನದೊಳಗೆ ಉತ್ತರ ಬರುತ್ತದೆ ಎಂದು ಕೇಳಿ. ಆರಂಭದಲ್ಲಿ ಒಬ್ಬ ತಜ್ಞರು ನಿಮ್ಮೊಡನೆ ನೇರವಾಗಿ ಮಾತನಾಡುತ್ತಾರೆಯೇ ಎಂಬುದನ್ನು ತಪ್ಪದೆ ವಿಚಾರಿಸಿ; ಏಕೆಂದರೆ ಥೈರಾಯ್ಡ್ ಕೊರತೆಯೂ ಬೈಪೋಲಾರ್ ಕಾಯಿಲೆಯೂ (ಅತಿ ಉತ್ಸಾಹ ಮತ್ತು ಖಿನ್ನತೆ ಸರದಿಯಂತೆ ಬರುವ ಕಾಯಿಲೆ) ಮೇಲ್ನೋಟಕ್ಕೆ ಖಿನ್ನತೆಯಂತೆಯೇ ಕಾಣಬಹುದು, ಅವುಗಳ ಚಿಕಿತ್ಸೆ ಬೇರೆ.

ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ, ಸತ್ತರೇ ಒಳ್ಳೆಯದು ಎನಿಸುವುದರ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ ಕೇಳುತ್ತದೆ. ಅಲ್ಲಿ ಒಬ್ಬರು ‘ಹೌದು’ ಎಂದಾಗ ಅದೇ ದಿನ ಯಾರು ಓದುತ್ತಾರೆ, ಯಾರು ಕರೆ ಮಾಡುತ್ತಾರೆ ಎಂಬುದಕ್ಕೆ ಸ್ಪಷ್ಟ ಉತ್ತರವಿಲ್ಲದ ಕಾರ್ಯಕ್ರಮಕ್ಕೆ ದಯವಿಟ್ಟು ಸೇರಬೇಡಿ. ಆ ಯೋಚನೆ ನಿಮಗೆ ಈಗಲೇ ಬರುತ್ತಿದ್ದರೆ ಪಾಠಗಳನ್ನು ಬದಿಗಿಡಿ. ಇಂದೇ ಆಸ್ಪತ್ರೆಗೆ ಹೋಗಿ ಅಥವಾ ಸಹಾಯವಾಣಿಗೆ ಕರೆ ಮಾಡಿ, ನಂಬಿಕೆಯ ಒಬ್ಬರನ್ನು ಪಕ್ಕದಲ್ಲಿರಲು ಕೇಳಿಕೊಳ್ಳಿ.