ನಾವಿಬ್ರು ಸೈಕಲ್ ಮೇಲೆ ಜೋಧಪುರದಿಂದ ಜೈಸಲ್ಮೇರ್‌ಗೆ ಹೊರಟೀವಿ, ಮರಳುಗಾಡಲ್ಲಿ ಸೈಕಲ್ ಹೊಡೆದೋರು ಇದ್ರೆ ಹೇಳಿ

ದಾವಣಗೆರೆ ಪೆಡಲ್:
ಎಲ್ರಿಗೂ ನಮಸ್ಕಾರ. ನಾನು, ನಮ್ಮನೆಯವ್ರು ಇಬ್ರೂ ಸೈಕಲ್ ಹೊಡಿತೀವಿ, ದಿನಾ ಬೆಳಿಗ್ಗೆ ಹರಿಹರದ ತನಕ, ರಜೆ ಸಿಕ್ರೆ ಸೂಳೆಕೆರೆ ಕಡೆ, ದುರ್ಗಕ್ಕೂ ಹೈವೇ ಪಕ್ಕದ ಸರ್ವಿಸ್ ರೋಡಲ್ಲಿ ಹೋಗಿ ಬಂದೀವಿ. ಈ ಜನವರಿಗೆ ಥಾರ್ ಮರುಭೂಮಿಗೆ ಹೋಗೋಣ ಅಂತ ಮಾಡೀವಿ. ಜೋಧಪುರ, ಓಸಿಯಾಂ, ಫಲೋದಿ, ರಾಮದೇವ್ರಾ, ಪೋಖರಣ್, ಜೈಸಲ್ಮೇರ್, ಮೈಯಾಗೆ ಶಕ್ತಿ ಉಳಿದಿದ್ರೆ ಬಾಡ್ಮೇರ್ ತನಕ.

ನೀರು ಎಷ್ಟು ಹೊರಬೇಕು, ಗಾಳಿ ಯಾವ ಕಡೆಯಿಂದ ಬರುತ್ತೆ, ರಾತ್ರಿ ಎಲ್ಲಿ ಉಳಿಯೋದು ಇವು ಒಂದು ಕಡೆ, ಆದ್ರೆ ನನ್ನ ದೊಡ್ಡ ಪ್ರಶ್ನೆ ಬೇರೆ. ಇವ್ರು ಗಂಟೆಗೆ 22 ಕಿ.ಮೀ. ಆರಾಮಾಗಿ ಹೊಡಿತಾರೆ, ನಾನು 16. ಇಲ್ಲಿ ನಮ್ಮ ಊರಾಗೆ ಮುಂದೆ ಹೋಗಿ ಎಲ್ಲೋ ಟೀ ಅಂಗಡಿಲಿ ಕಾಯ್ತಾರೆ, ಅಲ್ಲಿ ಹಂಗೆ ಬಿಟ್ಟು ಹೋಗೋಕಾಗಲ್ಲ, ನನಗೋಸ್ಕರ ಇಡೀ ದಿನ ನಿಧಾನ ಮಾಡಿದ್ರೆ ಅವ್ರಿಗೆ ಬೇಜಾರು. ಸ್ನೇಹಿತರು ಟ್ಯಾಂಡಮ್ ತಗೊಳ್ರಿ, ಒಂದೇ ಸೈಕಲ್, ಎರಡು ಸೀಟು, ಜಗಳಾನೇ ಇಲ್ಲ ಅಂತಾರೆ. ನನಗೆ ನನ್ನ ಸೈಕಲ್ಲೇ ಬೇಕು, ಹಿಂದೆ ಕೂತು ಅವ್ರ ಬೆನ್ನು ನೋಡ್ಕೊಂಡು ಮರಳುಗಾಡು ದಾಟೋ ಆಸೆ ನನಗಿಲ್ಲ. ಅತ್ತೆಯವ್ರಿಗೂ ಚಿಂತೆ, ಹೆಣ್ಮಗಳು ಅಷ್ಟು ದೂರ ಅಂತ. ಗೊತ್ತಿರೋರು ಬಿಡಿಸಿ ಹೇಳಿ.

ಕೋಟೆ ಗಾಳಿ (ಚಿತ್ರದುರ್ಗ):
ಮೇಡಂ, ಮೊದಲು ಖುಷಿ ಆಯ್ತು. ನಾನೂ ನನ್ನ ಹೆಂಡ್ತಿನೂ ಇದೇ ದಾರಿ ಹೊಡೆದೀವಿ, ಎರಡು ಸೈಕಲ್ಲಲ್ಲಿ. ನಿಮ್ಮ ಸ್ಪೀಡ್ ಪ್ರಶ್ನೆಗೆ ಗಾಳಿನೇ ಉತ್ತರ ಕೊಡ್ತದೆ. ಎದುರುಗಾಳಿ ಇದ್ದಾಗ ನಿಮ್ಮನೆಯವ್ರು ಮುಂದೆ, ನೀವು ಅವ್ರ ಹಿಂದಿನ ಚಕ್ರಕ್ಕೆ ಹತ್ತಿರಾನೇ ಇರಿ, ಗಾಳಿ ಒಡೆಯೋ ಕೆಲಸ ಅವ್ರದ್ದಾದ್ರೆ ನಿಮಗೆ ಅದೇ ಸ್ಪೀಡಿಗೆ ಶ್ರಮ ಎಷ್ಟೋ ಕಡಿಮೆ ಆಗ್ತದೆ. ಗಾಳಿ ಹಿಂದಿನಿಂದ ಇದ್ದಾಗ ನೀವು ಮುಂದೆ, ಸ್ಪೀಡು ನಿಮ್ಮದು. ಲಗೇಜು ಸಮ ಹಂಚ್ಕೋಬೇಡಿ, ಟೂಲ್ಸು, ನೀರಿನ ಕ್ಯಾನು, ಭಾರದ್ದೆಲ್ಲ ಅವ್ರ ಕ್ಯಾರಿಯರ್‌ಗೆ. 22 ತಾನೇ ಇಳಿದು 17ಕ್ಕೆ ಬರ್ತದೆ, ಆಗ ಯಾರೂ ಯಾರಿಗೂ ಕಾಯೋ ಹಂಗಿರಲ್ಲ, ಬೇಜಾರೂ ಆಗಲ್ಲ.

ಚಳಿಗಾಲದಲ್ಲಿ ಅಲ್ಲಿ ಗಾಳಿ ಹೆಚ್ಚಾಗಿ ಉತ್ತರ, ಈಶಾನ್ಯದ ಕಡೆಯಿಂದ, ಜೋರೇನಿರಲ್ಲ. ಫಲೋದಿ ದಾಟಿ ಜೈಸಲ್ಮೇರ್ ಕಡೆ ತಿರುಗಿದ ಮೇಲೆ ಬೆನ್ನಿಗೆ ಸಿಗ್ತದೆ, ಅದಕ್ಕೇ ನೀವು ಆರಿಸಿರೋ ದಿಕ್ಕು ಸರಿ ಐತೆ. ಬೇಸಿಗೆ ಮಾತ್ರ ಕನಸಲ್ಲೂ ಬೇಡ, ಅದೇ ಫಲೋದಿಲಿ 2016ರ ಮೇ 19ಕ್ಕೆ 51 ಡಿಗ್ರಿ ದಾಖಲಾಗಿದೆ.

ಇನ್ನೊಂದು ಮುಖ್ಯ ವಿಷ್ಯ, ಜೈಸಲ್ಮೇರ್ ನಮಗಿಂತ ಪಶ್ಚಿಮಕ್ಕೆ ಐತಲ್ಲ, ಜನವರಿಲಿ ಸೂರ್ಯ ಹುಟ್ಟೋದೇ ಏಳೂವರೆ ಹತ್ರ, ಆರಕ್ಕೆಲ್ಲ ಮುಳುಗ್ತಾನೆ. ಇಲ್ಲಿ ಥರ ಐದಕ್ಕೆ ಎದ್ದು ಹೊರಡ್ತೀವಿ ಅಂದ್ರೆ ಕತ್ತಲು, ಚಳಿ ಐದು ಡಿಗ್ರಿಗೆ ಇಳಿದಿರ್ತದೆ, ಮೈ ಮರಗಟ್ತದೆ. ಎಂಟಕ್ಕೆ ಹೊರಟು ನಾಲ್ಕೂವರೆ ಒಳಗೆ ಊರು ಸೇರೋ ಲೆಕ್ಕ ಹಾಕ್ಕೊಳ್ಳಿ. ಓಸಿಯಾಂ 65 ಕಿ.ಮೀ. ಹತ್ರ, ಮೊದಲ ದಿನಕ್ಕೆ ಸಾಕು, ಅಲ್ಲಿನ ಹಳೇ ಗುಡಿಗಳನ್ನ ಸಂಜೆ ಬಿಸಿಲಲ್ಲಿ ನೋಡ್ಲೇಬೇಕು. ಪೋಖರಣ್‌ನಿಂದ ಜೈಸಲ್ಮೇರ್ 110 ಆಗ್ತದೆ, ನಡುವೆ ಲಾಠಿ, ಚಾಂದನ್ ಅಂತ ಊರು ಸಿಗ್ತಾವೆ, ನಿಮ್ಮ ಸ್ಪೀಡಿಗೆ ಆವತ್ತು ಇಡೀ ಹಗಲು ಬೇಕು. ಪೋಖರಣ್ ಸುತ್ತ ಸೇನೆಯ ಫೈರಿಂಗ್ ರೇಂಜ್ ಐತೆ, 1974 ಮತ್ತೆ 1998ರ ಅಣು ಪರೀಕ್ಷೆ ಆಗಿದ್ದೂ ಆ ಕಡೆನೇ, ಹಂಗಾಗಿ ರೋಡು ಬಿಟ್ಟು ಒಳಗೆ ಹೋಗಿ ಟೆಂಟ್ ಹಾಕೋ ಯೋಚನೆ ಬಿಡಿ.

ಚಕ್ರ ಮೆಕ್ಯಾನಿಕ್:
ನಾನು ಟೈರು ವಿಷ್ಯ ಅಷ್ಟೇ ಹೇಳ್ತೀನಿ. ಅಲ್ಲಿ ಮರಳಿಗಿಂತ ಮುಳ್ಳೇ ಕಾಟ. ನಮ್ಮ ಚಳ್ಳಕೆರೆ, ಹಿರಿಯೂರು ಕಡೆ ಕೆರೆ ತುಂಬ ಬೆಳೆದಿರೋ ಬಳ್ಳಾರಿ ಜಾಲಿ ಐತಲ್ಲ, ಅದೇ ಗಿಡ ಅಲ್ಲಿ ರೋಡಿನ ಎರಡೂ ಕಡೆ, ಅದರ ಜೊತೆ ನೆಗ್ಗಿಲು ಮುಳ್ಳು. ಹಂಗಾಗಿ ನೆರಳು ಸಿಕ್ತು ಅಂತ ಸೈಕಲ್ ತಳ್ಕೊಂಡು ಗಿಡದ ಬುಡಕ್ಕೆ ಹೋಗಬಾರದು, ಎತ್ಕೊಂಡು ಹೋಗಿ ಇಲ್ಲಾ ಟಾರ್ ಮೇಲೇ ನಿಲ್ಸಿ. ಕನಿಷ್ಠ 35 ಎಂಎಂ ಅಗಲದ, ಒಳಗೆ ಪಂಕ್ಚರ್ ತಡೆಯೋ ಪದರ ಇರೋ ಟೂರಿಂಗ್ ಟೈರ್ ಹಾಕಿ, ಟ್ಯೂಬಿಗೆ ಸೀಲೆಂಟ್, ಅಂದ್ರೆ ತೂತು ತಾನೇ ಮುಚ್ಚೋ ದ್ರವ. ಇಬ್ರ ಸೈಕಲ್ಲಿಗೂ ಒಂದೇ ಸೈಜಿನ ಚಕ್ರ ಇದ್ರೆ ಸ್ಪೇರ್ ಟ್ಯೂಬು, ಟೈರು ಒಂದೇ ಸೆಟ್ ಸಾಕು, ಇದು ಜೋಡಿ ಹೋಗೋರಿಗೆ ದೊಡ್ಡ ಉಳಿತಾಯ.

ಚೈನಿಗೆ ದಪ್ಪ ಎಣ್ಣೆ ಬಿಡಬೇಡಿ, ಮರಳು ಅದಕ್ಕೇ ಮೆತ್ಕೊಂಡು ಚೈನು, ಹಲ್ಲು ಎರಡನ್ನೂ ಅರೆದು ಹಾಕ್ತದೆ. ವ್ಯಾಕ್ಸ್ ಲ್ಯೂಬ್ ಹಾಕಿ, ದಿನಾ ಸಂಜೆ ಒಣ ಬಟ್ಟೆಲಿ ಒರೆಸಿ. ರೋಡ್ ಮೇಲೆ ಮರಳು ಹರಡಿರೋ ಕಡೆ ಮುಂದಿನ ಬ್ರೇಕ್ ಹಿಡಿಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ಸೀದಾ ಹೋಗಿ, ಜಾಸ್ತಿ ಇದ್ರೆ ಇಳಿದು ತಳ್ಳಿ.

ಟ್ಯಾಂಡಮ್ ಬಗ್ಗೆ ಕೇಳಿದ್ರಲ್ಲ, ಅದು ಚೆನ್ನಾಗೇ ಓಡ್ತದೆ, ಆದ್ರೆ ಇಬ್ರ ಭಾರ ಎರಡೇ ಚಕ್ರದ ಮೇಲೆ, ಒಂದು ಸ್ಪೋಕ್ ಹೋದ್ರೆ ಇಬ್ರೂ ನಿಂತಂಗೆ. ಎರಡು ಸೈಕಲ್ ಇದ್ರೆ ಒಬ್ರು ಹೋಗಿ ಸಹಾಯ ತರಬಹುದು.

ಸಜ್ಜೆ ರೊಟ್ಟಿ (ಚಳ್ಳಕೆರೆ):
ಅಕ್ಕ, ಹೆಣ್ಮಕ್ಕಳ ವಿಷ್ಯ ಇಲ್ಲಿ ಯಾರೂ ಬರೀಲಿಲ್ಲ, ನಾನು ಬರೀತೀನಿ. ಬಯಲಲ್ಲಿ ಮರೆ ಅನ್ನೋದೇ ಇರಲ್ಲ, ಅದಕ್ಕೆ ಹೆದರಿ ನೀರು ಕುಡಿಯೋದು ಕಡಿಮೆ ಮಾಡ್ತೀವಲ್ಲ, ಅದೇ ಅಪಾಯ. ಚಳಿ ಇದ್ರೂ ಒಣ ಹವೆಗೆ ಬೆವರು ಕಾಣದಂಗೆ ಆರಿ ಹೋಗ್ತದೆ, ಬಾಯಾರಿಕೆ ಗೊತ್ತಾಗೋ ಹೊತ್ತಿಗೆ ತಲೆನೋವು ಶುರು ಆಗಿರ್ತದೆ. ಒಬ್ಬೊಬ್ರಿಗೆ ನಾಕೈದು ಲೀಟರ್ ಇರಲಿ, ಓಆರ್‌ಎಸ್ ಇರಲಿ. ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ನಿಲ್ಲಿ, ಅವಸರ ಇಲ್ದಿದ್ರೂ ನಿಲ್ಲಿ. ಒಂದು ದೊಡ್ಡ ದುಪಟ್ಟಾ ಇಟ್ಕೊಳ್ಳಿ, ಬಿಸಿಲಿಗೆ, ಧೂಳಿಗೆ, ಮರೆಗೆ ಮೂರಕ್ಕೂ ಆಗ್ತದೆ. ಪ್ಯಾಡು ಮನೆಯಿಂದಲೇ ಒಯ್ಯಿರಿ, ಮುಟ್ಟಿನ ದಿನ ಬಂದ್ರೆ ಆವತ್ತು ರೆಸ್ಟ್, ಪ್ಲಾನಲ್ಲಿ ಖಾಲಿ ದಿನ ಮೊದಲೇ ಬಿಟ್ಟಿರಿ, ಅವ್ರಿಗೂ ಹೇಳಿರಿ.

ರೋಡಿಂದ ದೂರ ನಾಲ್ಕೈದು ಮನೆ ಗುಂಪು ಕಾಣ್ತಾವೆ, ಢಾಣಿ ಅಂತಾರೆ. ಅಂಗಳದಲ್ಲಿ ನೆಲದೊಳಗೆ ಮಳೆನೀರು ಹಿಡಿದಿಡೋ ಟಾಂಕಾ ಇರ್ತದೆ. ಅದು ಅವ್ರ ವರ್ಷದ ನೀರು, ಕೇಳದೆ ಕೈ ಹಾಕಬಾರದು. ಕೇಳಿದ್ರೆ ಇಲ್ಲ ಅನ್ನಲ್ಲ, ನೀವು ಜೊತೆಗಿದ್ರೆ ಒಳಗಿನ ಹೆಣ್ಮಕ್ಕಳೇ ಬಂದು ಮಾತಾಡಿಸ್ತಾರೆ, ಗಂಡಸ್ರು ಒಬ್ಬೊಬ್ರೇ ಹೋದಾಗ ಆ ಬಾಗಿಲು ತೆಗಿಯಲ್ಲ. ಅತ್ತೆಯವ್ರಿಗೆ ಇದನ್ನ ಹೇಳಿ.

ಊಟಕ್ಕೆ ನಮಗೆ ಕಷ್ಟ ಇಲ್ಲ, ಸಜ್ಜೆ ರೊಟ್ಟಿ, ಕಢಿ, ಮಜ್ಜಿಗೆ, ಕೇರ್-ಸಾಂಗ್ರಿ ಪಲ್ಯ. ಆ ಸಾಂಗ್ರಿ ಅಂದ್ರೆ ಖೇಜಡಿ ಮರದ ಕಾಯಿ, ದಸರಾಕ್ಕೆ ನಾವು ಕೈಗೆ ಕೊಡೋ ಬನ್ನಿನೇ ಆ ಮರ. ಜೋಧಪುರದಿಂದ 25 ಕಿ.ಮೀ. ಆಸುಪಾಸಲ್ಲಿ ಖೇಜಡ್ಲಿ ಅಂತ ಊರೈತೆ, 1730ರಲ್ಲಿ ಆ ಮರ ಕಡಿಯೋಕೆ ಬಂದಾಗ ಅಮೃತಾ ದೇವಿ ಮರ ತಬ್ಕೊಂಡು ಪ್ರಾಣ ಕೊಟ್ರು, ಅವ್ರ ಹಿಂದೆ ಸೇರಿ ಒಟ್ಟು 363 ಜನ, ಮರ, ಪ್ರಾಣಿ ಕಾಯೋ ಬಿಷ್ಣೋಯಿ ಪಂಗಡದೋರು. ಸೈಕಲ್ ಜೋಡಿಸಿದ ದಿನ ಅಲ್ಲಿಗೆ ಹೋಗಿ ಬನ್ನಿ, ಸೆಟ್ಟಿಂಗ್ ಚೆಕ್ ಮಾಡಿದಂಗೂ ಆಗ್ತದೆ. ಫಲೋದಿ ಪಕ್ಕದ ಖೀಚನ್‌ನಲ್ಲೂ ಒಂದು ಬೆಳಿಗ್ಗೆ ಕಳೀರಿ, ಚಳಿಗಾಲಕ್ಕೆ ಮಧ್ಯ ಏಷ್ಯಾ ಕಡೆಯಿಂದ ಬರೋ ಕುರ್ಜಾ ಅನ್ನೋ ಕ್ರೇನ್ ಜಾತಿಯ ಹಕ್ಕಿಗಳಿಗೆ ಊರೋರೇ ಕಾಳು ಹಾಕ್ತಾರೆ, ಸಾವಿರಾರು ಹಕ್ಕಿ ಒಟ್ಟಿಗೆ ಇಳಿತಾವೆ. ಅದನ್ನ ಬಿಟ್ಟು ಕಿ.ಮೀ. ಎಣಿಸ್ಕೊಂಡು ಮುಂದೆ ಹೋಗಬೇಡಿ ಅಕ್ಕ.

ದಾವಣಗೆರೆ ಪೆಡಲ್:
ಇಷ್ಟು ಪ್ರೀತಿಯಿಂದ ಬರೆದಿದ್ದಕ್ಕೆ ಎಲ್ರಿಗೂ ಥ್ಯಾಂಕ್ಸ್. ಇವ್ರಿಗೂ ಓದಿಸಿದೆ, ಭಾರ ನನ್ನ ಸೈಕಲ್ಲಿಗೇ ಇರಲಿ ಅಂತ ಆಗಲೇ ಕ್ಯಾರಿಯರ್ ನೋಡ್ತಾ ಕೂತಾರೆ. ಟ್ಯಾಂಡಮ್ ಮಾತು ಮುಗೀತು. ಜೈಸಲ್ಮೇರ್‌ನಿಂದ ಪಾಕಿಸ್ತಾನ ಗಡಿ ಹತ್ರದ ತನೋಟ್ ಮಾತಾ ಗುಡಿಗೆ ಸೈಕಲ್ಲಲ್ಲೇ ಹೋಗಬಹುದಾ? ಇಲ್ಲಿಂದ ಸೈಕಲ್ ಒಯ್ಯೋದು ಹೆಂಗೆ?

ಕೋಟೆ ಗಾಳಿ (ಚಿತ್ರದುರ್ಗ):
ತನೋಟ್ 120 ಕಿ.ಮೀ. ದೂರ, ಗುಡಿ ತನಕ ನಮ್ಮ ದೇಶದೋರಿಗೆ ತೊಂದರೆ ಇಲ್ಲ, ಆಧಾರ್ ಕಾರ್ಡ್ ಇರಲಿ, ಅದರಾಚೆ ಗಡಿ ಕಂಬ ನೋಡೋಕೆ ಪರ್ಮಿಶನ್ ಬೇಕು. ಆದ್ರೆ ರಾಮಗಢ ದಾಟಿದ ಮೇಲೆ ಅಂಗಡಿ ಕಾಣೋದು ಅಪರೂಪ, ಹಗಲು ಸಣ್ಣದು, ಅದಕ್ಕೆ ಜೀಪಲ್ಲಿ ಹೋಗಿ ಬನ್ನಿ ಅಂತೀನಿ, ಸೈಕಲ್ಲಿಗೆ ಸಮ್ ಮರಳುದಿಬ್ಬ ಇಟ್ಕೊಳ್ಳಿ, 40 ಕಿ.ಮೀ. ಅಷ್ಟೇ.

ಬೆಂಗಳೂರು–ಜೋಧಪುರ ಟ್ರೈನು ಹುಬ್ಬಳ್ಳಿ ಮೇಲೆ ಹೋಗೋದು ನಿಮ್ಮ ದಾವಣಗೆರೆ ಸ್ಟೇಷನ್ನಲ್ಲೇ ನಿಲ್ತದೆ. ಪಾರ್ಸಲ್ ಆಫೀಸಿಗೆ ಮುಂಚೇನೇ ಹೋಗಿ ವಿಚಾರಿಸಿ, ಟಿಕೆಟ್ ತೋರಿಸಿ ಸೈಕಲ್ ಬುಕ್ ಮಾಡಿ. ಪೆಡಲು, ಲೈಟು, ಬ್ಯಾಗು ಬಿಚ್ಚಿ ಕೈಲಿಟ್ಕೊಳ್ಳಿ, ಗೇರ್ ಬದಲಿಸೋ ಡಿರೇಲರ್ ಸುತ್ತ ರಟ್ಟು ಕಟ್ಟಿ, ಹೆಸರು ನಂಬರು ಎರಡು ಕಡೆ ಬರೀರಿ.

ಹೋಗೋ ಮುಂಚೆ ಲೋಡ್ ಹಾಕ್ಕೊಂಡು ಒಂದು ದಿನ ದುರ್ಗ, ಚಳ್ಳಕೆರೆ, ಹಿರಿಯೂರು, ವಾಪಸ್ ದುರ್ಗ ಸುತ್ತು ಹೊಡೀರಿ, ಬಯಲು, ಬಿಸಿಲು, ಗಾಳಿ, ಜಾಲಿ ಮುಳ್ಳು ಎಲ್ಲಾ ಸಿಗ್ತಾವೆ. ಡಿಸೆಂಬರ್‌ನಲ್ಲಿ ಯಾವ ಭಾನುವಾರ ಅಂತ ಇಲ್ಲೇ ಹಾಕಿ, ನಾವಿಬ್ರೂ ಬರ್ತೀವಿ.